ಸವಿಸ್ತಾರ ಮೇಷ್ಟ್ರ ಹತ್ತನೆಯ ನಮೂನೆ

ನಮ್ಮ ಶಾಲೆಯಲ್ಲಿ ಇತಿಹಾಸ ಕಲಿಸುವ ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಮಿಕ್ಕೆಲ್ಲ ಕಡೆ ಅವರು ಸವಿಸ್ತಾರ ಮೇಷ್ಟ್ರು. ಯಾವ ವಿಷಯವನ್ನೇ ಆಗಲಿ ಚುಟುಕಾಗಿ ಹೇಳಿದರೆ ಕೇಳಿದವರಿಗೆ ಅವಮಾನ ಮಾಡಿದಂತೆ ಎಂದು ನಂಬಿದ ಮನುಷ್ಯ. ‘ಟೀ ಆಯ್ತಾ ಸಾರ್’ ಎಂದು ಬಾಯಿ ತಪ್ಪಿ ಕೇಳಿಬಿಟ್ಟರೆ, ಬೆಳಿಗ್ಗೆ ಹಾಲು ಒಡೆದದ್ದು, ಒಡೆದ ಹಾಲಿನ ಬಗ್ಗೆ ಹೆಂಡತಿ ಹೇಳಿದ್ದು, ಅದಕ್ಕೆ ತಾವು ಕೊಟ್ಟ ಉತ್ತರ, ಉತ್ತರದಲ್ಲಿದ್ದ ಮೂರು ಅಂಶಗಳು, ಇಷ್ಟೂ ಆಗಿ ‘ಆಯ್ತು’ ಎನ್ನುವ ಹೊತ್ತಿಗೆ ಊಟದ ಗಂಟೆ ಹೊಡೆದಿರುತ್ತದೆ. ನಾನು ಅದೇ ಶಾಲೆಯ ಗುಮಾಸ್ತ. ನನ್ನ ಕೋಣೆಗೂ ಅವರ ಎಂಟನೆಯ ತರಗತಿ ‘ಬಿ’ ವಿಭಾಗಕ್ಕೂ ನಡುವೆ ಇರುವುದು ಒಂದು ತೆಳ್ಳನೆಯ ಗೋಡೆ. ಎರಡು ಹಳೆಯ ರಾಜ್ಯಗಳ ನಡುವಿನ ಕಾಲುವೆ ಒಪ್ಪಂದವನ್ನು ಅವರು ಪ್ರತಿ ಪಾಠದಲ್ಲೂ ಮೊದಲ ಷರತ್ತಿನಿಂದಲೇ ಶುರುಮಾಡುತ್ತಾರೆ. ಹೀಗಾಗಿ ಇಪ್ಪತ್ತೊಂದು ವರ್ಷಗಳಲ್ಲಿ ಅದರ ಹದಿನೇಳು ಷರತ್ತುಗಳೂ ನನಗೆ ಬಾಯಿಪಾಠವಾಗಿವೆ. ನನಗೆ ಅದರಿಂದ ಮೂರು ಕಾಸಿನ ಉಪಯೋಗವಾಗಿಲ್ಲ.

ಕಳೆದ ವರ್ಷ ನಮಗೆ ಹೊಸ ಹೆಡ್‌ಮೇಡಂ ಬಂದರು. ಹಿಂದಿದ್ದ ಹೆಡ್‌ಮೇಷ್ಟ್ರು ತರಗತಿಗಳಿಂದ ಗಲಾಟೆ ಕೇಳಿಸಿದರೆ ಎದ್ದು ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ಶಿಸ್ತು ಕ್ರಮ ಅಷ್ಟೇ. ಈಕೆ ಹಾಗಲ್ಲ. ಮೂರು ವಾರಗಳ ತರಬೇತಿ ಮುಗಿಸಿಕೊಂಡು, ರಟ್ಟಿನ ಪೆಟ್ಟಿಗೆಯ ತುಂಬ ಹಳದಿ ಕಾಗದಗಳನ್ನು ಹೊತ್ತುಕೊಂಡೇ ಬಂದರು. ಅದಕ್ಕೆ ವರ್ತನಾ ನಮೂನೆ ಎಂದು ಹೆಸರು. ತರಗತಿಯಲ್ಲಿ ಯಾರಾದರೂ ಪಾಠಕ್ಕೆ ಅಡ್ಡಿ ಮಾಡಿದರೆ ಮೇಷ್ಟ್ರು ಕಿರುಚಬಾರದು, ಕಿವಿ ಹಿಂಡಬಾರದು, ನಮೂನೆ ತುಂಬಬೇಕು. ಅದರಲ್ಲಿ ಮೂರು ಚೌಕ. ಅಡ್ಡಿಗೆ ಮೊದಲು ಏನು ನಡೆಯುತ್ತಿತ್ತು, ವಿದ್ಯಾರ್ಥಿ ಏನು ಮಾಡಿದ, ಶಿಕ್ಷಕರು ಏನು ಮಾಡಿದರು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಬೇಕು, ಸ್ವಂತ ಅಭಿಪ್ರಾಯ ಕೂಡದು. ತುಂಬಿದ ನಮೂನೆಗೆ ನಾನು ಸಂಖ್ಯೆ ಹಾಕಿ ಸೀಲು ಒತ್ತಬೇಕು. ಒಂದು ಪ್ರತಿ ಫೈಲಿಗೆ, ಒಂದು ಮೇಡಂಗೆ, ಒಂದು ಮಗುವಿನ ಮನೆಗೆ. ಒಮ್ಮೆ ಸೀಲು ಬಿತ್ತೋ, ಆ ಕಾಗದವನ್ನು ಹರಿಯುವಂತಿಲ್ಲ, ತಿದ್ದುವಂತಿಲ್ಲ, ಬಚ್ಚಿಡುವಂತಿಲ್ಲ.

ಮೊದಲ ವಾರ ಬಂದ ನಮೂನೆಗಳನ್ನು ಓದಿ ಮೇಡಂ ತಲೆ ಹಿಡಿದುಕೊಂಡರು. ವ್ಯಾಯಾಮದ ಮೇಷ್ಟ್ರು ‘ಮೊದಲು: ಏನೂ ಇಲ್ಲ. ಮಾಡಿದ್ದು: ಮಂಗಾಟ. ನಾನು ಮಾಡಿದ್ದು: ಕೇಳಬೇಡಿ’ ಎಂದು ಬರೆದಿದ್ದರು. ಗಣಿತದ ಟೀಚರ್ ಮೂರೂ ಚೌಕಗಳಿಗೆ ಅಡ್ಡಲಾಗಿ ‘ಇವನ ಅಪ್ಪನೂ ಹೀಗೇ ಇದ್ದ’ ಎಂದು ಬರೆದು ಸಹಿ ಹಾಕಿದ್ದರು. ಸವಿಸ್ತಾರ ಮೇಷ್ಟ್ರದ್ದು ಮಾತ್ರ ಏಳು ಪುಟ. ಮೇಡಂ ಅದನ್ನು ಸಿಬ್ಬಂದಿ ಸಭೆಯಲ್ಲಿ ಎತ್ತಿ ತೋರಿಸಿ, ದಾಖಲೆ ಎಂದರೆ ಹೀಗಿರಬೇಕು, ಎಲ್ಲರೂ ಇದನ್ನು ನೋಡಿ ಕಲಿಯಿರಿ ಎಂದರು. ಆ ಸಭೆಯಲ್ಲಿ ನಾನೂ ಮೂಲೆಯ ಕುರ್ಚಿಯಲ್ಲಿದ್ದೆ. ಇಪ್ಪತ್ತೊಂದು ವರ್ಷಗಳಲ್ಲಿ ಸವಿಸ್ತಾರ ಮೇಷ್ಟ್ರಿಗೆ ಯಾರಾದರೂ ‘ಇನ್ನೂ ಬರೆಯಿರಿ’ ಎಂದದ್ದು ಅದೇ ಮೊದಲು. ಅವರ ಮುಖ ನೋಡಿ ನನಗೆ ಒಳಗೊಳಗೇ ಹೆದರಿಕೆಯಾಯಿತು.

ಆ ಮೊದಲ ನಮೂನೆ ಒಂದು ಹುಡುಗಿಯ ಮೇಲೆ ಬರೆದದ್ದು. ಹದಿಮೂರು ವರ್ಷದ, ಎರಡು ಜಡೆಯ, ಕೂತಲ್ಲಿ ಕೂರದ ಹುಡುಗಿ. ಬಾಯಿ ಮುಚ್ಚಿಕೊಂಡೇ ಗಂಟಲಲ್ಲಿ ಗುಂಯ್ ಎಂದು ಸದ್ದು ಹೊರಡಿಸುವ ವಿದ್ಯೆ ಅವಳಿಗೆ ಹುಟ್ಟಿನಿಂದ ಬಂದಿತ್ತು. ಅದಕ್ಕೇ ಎಲ್ಲರೂ ದುಂಬಿ ಎನ್ನುತ್ತಿದ್ದರು. ಮೇಷ್ಟ್ರು ಬರೆದ ಏಳು ಪುಟಗಳ ಸಾರ ಹೀಗಿತ್ತು: ‘ಮೊದಲು: ಶಿಕ್ಷಕರು ಕಾಲುವೆ ಒಪ್ಪಂದದ ಒಂಬತ್ತನೆಯ ಷರತ್ತನ್ನು ವಿವರಿಸುತ್ತಿದ್ದರು. ಪಾಠ ಆರಂಭವಾಗಿ ಮೂವತ್ತೊಂದು ನಿಮಿಷಗಳಾಗಿದ್ದವು. ಮಾಡಿದ್ದು: ಕಿಟಕಿಯ ಪಕ್ಕದ ವಿದ್ಯಾರ್ಥಿನಿ ಗುಂಯ್ ಎಂದಳು. ಸದ್ದು ಇಂಪಾಗಿತ್ತು. ಇಂಪು ಎಂಬುದು ಅಭಿಪ್ರಾಯವಾದ್ದರಿಂದ ಹೊಡೆದುಹಾಕಿದ್ದೇನೆ. ಶಿಕ್ಷಕರು ಮಾಡಿದ್ದು: ಒಂಬತ್ತನೆಯ ಷರತ್ತನ್ನು ಮೊದಲಿನಿಂದ ಹೇಳಿದರು.’

ಮುಂದಿನ ನಮೂನೆಗಳೂ ಅವಳ ಮೇಲೆಯೇ. ಅದಕ್ಕೆ ದ್ವೇಷ ಕಾರಣವಲ್ಲ. ಆ ತರಗತಿಯ ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ಪಾಠ ಶುರುವಾದ ಹತ್ತು ನಿಮಿಷಕ್ಕೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ರೂಢಿಸಿಕೊಂಡಿದ್ದವು. ನಿದ್ದೆಯಿಂದ ಪಾಠಕ್ಕೆ ಅಡ್ಡಿಯಿಲ್ಲವಲ್ಲ. ಎಚ್ಚರವಾಗಿದ್ದು ಏನಾದರೂ ಮಾಡುತ್ತಿದ್ದವಳು ದುಂಬಿ ಒಬ್ಬಳೇ. ಕಾಗದದ ಹಕ್ಕಿ ಮಡಚಿ ಕಿಟಕಿಯಿಂದ ಬಿಡುತ್ತಿದ್ದಳು. ಒಪ್ಪಂದಕ್ಕೆ ಸಹಿ ಹಾಕುವ ದಿನ ರಾಜನಿಗೆ ನೆಗಡಿಯಾಗಿದ್ದರೆ ಏನು ಗತಿ ಎಂದು ಕೇಳುತ್ತಿದ್ದಳು. ಮೇಷ್ಟ್ರು ಒಂದನ್ನೂ ಬಿಡದೆ ದಾಖಲಿಸುತ್ತಿದ್ದರು. ಹೆಚ್ಚು ದಾಖಲೆ ಇದ್ದಷ್ಟೂ ಮಗುವಿಗೆ ಹೆಚ್ಚು ಸಹಾಯವಾಗುತ್ತದೆ ಎಂದು ಮೇಡಂ ತರಬೇತಿಯಲ್ಲಿ ಕಲಿತದ್ದನ್ನು ಸಭೆಯಲ್ಲಿ ಹೇಳಿದ್ದರು. ಮೇಷ್ಟ್ರು ಅದನ್ನು ಅಕ್ಷರಶಃ ನಂಬಿ, ತಮ್ಮ ಅಚ್ಚುಮೆಚ್ಚಿನ ವಿದ್ಯಾರ್ಥಿನಿಗೆ ರಾಶಿರಾಶಿ ಸಹಾಯ ಮಾಡುತ್ತಿದ್ದರು.

ಹೊಗಳಿಕೆ ತಲೆಗೇರಿದರೆ ಮನೆಯವರಿಗೆ ಕಷ್ಟ. ಮೇಷ್ಟ್ರ ಹೆಂಡತಿ ಒಂದು ಸಂಜೆ ಮಾರುಕಟ್ಟೆಯಲ್ಲಿ ಸಿಕ್ಕಿ, ಚೀಲದಿಂದ ಒಂದು ಹಳದಿ ಕಾಗದ ತೆಗೆದು, ಇದಕ್ಕೂ ನೀವೇ ಸೀಲು ಹಾಕ್ತೀರಾ ಎಂದು ಕೇಳಿದರು. ಮೇಷ್ಟ್ರು ತಮ್ಮ ಭಾಮೈದನ ಮೇಲೆ ನಮೂನೆ ತುಂಬಿದ್ದರು. ‘ಮೊದಲು: ಸೀಲಿಂಗ್ ಫ್ಯಾನ್ ಒರೆಸುವ ಸರಿಯಾದ ವಿಧಾನವನ್ನು ವಿವರಿಸುತ್ತಿದ್ದೆ. ಮಾಡಿದ್ದು: ಭಾಮೈದ ಎದ್ದು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡ. ನಾನು ಮಾಡಿದ್ದು: ಬಾಗಿಲ ಹೊರಗೆ ನಿಂತು ಮುಂದುವರಿಸಿದೆ.’ ನನ್ನ ತಮ್ಮ ಇನ್ನು ನಮ್ಮ ಮನೆಗೆ ಕಾಲಿಡುವುದಿಲ್ಲ ಅಂತಿದ್ದಾನೆ ಎಂದು ಆಕೆ ಹೇಳಿದರು. ಬೇಜಾರಿನಿಂದ ಹೇಳಿದರೋ ಸಮಾಧಾನದಿಂದ ಹೇಳಿದರೋ ನನಗೆ ಗೊತ್ತಾಗಲಿಲ್ಲ.

ದುಂಬಿಯ ತಾಯಿ ಶಾಲೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರ್. ಮನೆಗೆ ಹೋಗುವ ಪ್ರತಿಗಳೆಲ್ಲ ಆಕೆಯ ಅಂಗಡಿಗೇ ಹೋಗುತ್ತಿದ್ದವು. ಒಂದು ದಿನ ನನ್ನ ಅಂಗಿಗೆ ಗುಂಡಿ ಹಾಕಿಸಲು ಹೋದೆ. ಬಾಗಿಲಲ್ಲಿ ಆರೇಳು ಜನ ಹೆಂಗಸರು, ಒಬ್ಬ ಅಂಚೆಯವನು, ಎದುರು ಅಂಗಡಿಯ ಬೀಗ ರಿಪೇರಿಯವನು. ಯಾರಿಗೂ ಬಟ್ಟೆ ಹೊಲಿಸುವ ಆತುರವಿರಲಿಲ್ಲ. ಟೈಲರ್ ಬಾಯಿಯ ಪಿನ್ನುಗಳನ್ನು ತೆಗೆದಿಟ್ಟು ಐದನೆಯ ನಮೂನೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ‘ಅಭಿಪ್ರಾಯವಾದ್ದರಿಂದ ಹೊಡೆದುಹಾಕಿದ್ದೇನೆ’ ಎಂಬ ಮಾತು ಬಂದಾಗಲೆಲ್ಲ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನನ್ನು ಕಂಡದ್ದೇ ಆರನೆಯದು ಯಾವತ್ತು ಬರುತ್ತದೆ ಎಂದು ಬೀಗದವನು ವಿಚಾರಿಸಿದ. ಟೈಲರ್ ಗುಂಡಿಗೆ ಹಣ ತೆಗೆದುಕೊಳ್ಳಲಿಲ್ಲ. ನನ್ನ ಮಗಳ ಬಗ್ಗೆ ಇಷ್ಟೊಂದು ಯಾರೂ ಬರೆದಿರಲಿಲ್ಲ, ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ ಎಂದಳು. ಹೇಳಿದೆ. ಮೇಷ್ಟ್ರು ಆರನೆಯದನ್ನು ಹನ್ನೊಂದು ಪುಟ ಬರೆದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮೂನೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಿಯಮಗಳು ಅಚ್ಚಾಗಿದ್ದವು. ಮೇಷ್ಟ್ರ ಬರಹ ಚೌಕಗಳಲ್ಲಿ ಹಿಡಿಸುತ್ತಿರಲಿಲ್ಲವಾಗಿ, ಅವರು ಹೆಚ್ಚಿನ ಹಾಳೆಗಳನ್ನು ನಮೂನೆಯ ಬೆನ್ನಿಗೆ ಗೋಂದು ಹಚ್ಚಿ ಅಂಟಿಸುತ್ತಿದ್ದರು. ಗೋಂದನ್ನೂ ಸವಿಸ್ತಾರವಾಗಿಯೇ ಹಚ್ಚುತ್ತಿದ್ದರು. ನಿಯಮಗಳ ಒಂದಕ್ಷರವೂ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಹೋಗಿತ್ತು. ನಾನಾದರೂ ಖಾಲಿ ನಮೂನೆಯನ್ನು ತಿರುಗಿಸಿ ನೋಡಬಹುದಿತ್ತು. ನೋಡಲಿಲ್ಲ. ಸೀಲು ಒತ್ತುವವನಿಗೆ ಕಾಗದದ ಮುಂಬದಿಯೇ ಪ್ರಪಂಚ.

ಒಂಬತ್ತನೆಯ ನಮೂನೆ ಫೈಲಿಗೆ ಬಿದ್ದ ದಿನ ಮೇಡಂ ಒಂದು ಅಚ್ಚಾದ ನೋಟಿಸು ಕೊಟ್ಟು ಟೈಲರಿಗೆ ತಲುಪಿಸಲು ಹೇಳಿದರು. ಕಳಿಸಿದೆ. ಅರ್ಧ ಗಂಟೆಯಲ್ಲಿ ಟೈಲರ್ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಓಡಿಬಂದಳು. ಮೇಷ್ಟ್ರು ನನ್ನ ಕೋಣೆಯಲ್ಲಿ ಮುಂದಿನ ಸಲಕ್ಕೆಂದು ಹತ್ತನೆಯ ಖಾಲಿ ನಮೂನೆ ತೆಗೆದುಕೊಳ್ಳಲು ನಿಂತಿದ್ದರು. ಆಕೆ ನೋಟಿಸನ್ನು ಅವರ ಕೈಗೆ ಕೊಟ್ಟಳು. ಒಂದೇ ಅರ್ಧವಾರ್ಷಿಕ ಅವಧಿಯಲ್ಲಿ ಹತ್ತು ನಮೂನೆಗಳಾದರೆ ಸಮಿತಿ ಸೇರುತ್ತದೆ, ವಿದ್ಯಾರ್ಥಿಯನ್ನು ಬೇರೆ ಶಾಲೆಗೆ ಕಳಿಸಲಾಗುತ್ತದೆ ಎಂದು ಅದರಲ್ಲಿತ್ತು. ಬೇರೆ ಶಾಲೆ ಎಂದರೆ ಎರಡು ಬಸ್ಸು ಬದಲಿಸಿ ಹೋಗಬೇಕಾದದ್ದು. ಜೊತೆಗೆ ವರ್ಗಾವಣೆ ಪತ್ರದ ಮೇಲೆ ಶಿಸ್ತು ತಪ್ಪಿದ ಮಗು ಎಂಬ ಕೆಂಪು ಗೆರೆ ಬೇರೆ.

‘ನೀವು ಬರೆದದ್ದು ಚೆನ್ನಾಗಿದೆ ಅಂತ ಬೀದಿಗೆಲ್ಲ ಓದಿ ಹೇಳಿದೆ ಮೇಷ್ಟ್ರೇ’ ಎಂದಳು. ‘ಅದು ನನ್ನ ಮಗಳನ್ನ ಹೊರಗೆ ಹಾಕೋ ಕಾಗದ ಅಂತ ನನಗೆ ಗೊತ್ತಿರಲಿಲ್ಲ.’

‘ನನಗೂ ಗೊತ್ತಿರಲಿಲ್ಲಮ್ಮ’ ಎಂದರು ಮೇಷ್ಟ್ರು. ನನ್ನ ಜೀವಮಾನದಲ್ಲಿ ಅವರು ಆಡಿದ ಅತಿ ಚಿಕ್ಕ ಉತ್ತರ ಅದು.  ನನಗೂ ನಾಚಿಕೆಯಾಯಿತು, ಒಂಬತ್ತು ಸೀಲುಗಳೂ ನನ್ನ ಕೈಯವೇ ಆಗಿದ್ದವು.

ನಾನೂ ಮೇಷ್ಟ್ರೂ ಮೇಡಂ ಬಳಿ ಹೋದೆವು. ಆಕೆ ಕೆಟ್ಟವರಲ್ಲ, ಆದರೆ ನಿಯಮ ಮೇಲಿನಿಂದ ಬಂದದ್ದು. ಸೀಲು ಬಿದ್ದದ್ದನ್ನು ಅಳಿಸಲಾಗದು, ಕಂಡದ್ದನ್ನು ಕೇಳಿದ್ದನ್ನು ಬರೆಯದೆ ಬಿಟ್ಟರೆ ಶಿಕ್ಷಕರದ್ದೇ ತಪ್ಪಾಗುತ್ತದೆ ಎಂದರು. ಒಂದೇ ದಾರಿ ಇತ್ತು. ಇನ್ನು ಮೂರು ವಾರಕ್ಕೆ ಅವಧಿ ಮುಗಿಯುತ್ತದೆ, ಮುಗಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಅಲ್ಲಿಯವರೆಗೆ ದುಂಬಿ ಸುಮ್ಮನಿದ್ದರೆ ಸಾಕು. ದುಂಬಿಯನ್ನು ಕರೆಸಿ ಹೇಳಿದಾಗ ಅವಳು ಅತ್ತೇಬಿಟ್ಟಳು. ‘ನಾನು ಮಾಡೋದಲ್ಲ ಸಾರ್, ಒಂಬತ್ತನೇ ಷರತ್ತು ಬಂದ ತಕ್ಷಣ ಅದೇ ಬರುತ್ತೆ’ ಎಂದಳು. ಆದರೂ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಕೂರುತ್ತೇನೆ ಎಂದು ಮಾತು ಕೊಟ್ಟಳು.

ಒಂಬತ್ತನೆಯ ಷರತ್ತನ್ನೇ ಬಿಟ್ಟುಬಿಡಿ ಎಂದು ನಾನು ಮೇಷ್ಟ್ರಿಗೆ ಹೇಳಿದೆ. ಎಂಟರಿಂದ ಹತ್ತಕ್ಕೆ ಹಾರುವುದೇ, ಅದು ಇತಿಹಾಸಕ್ಕೆ ಮಾಡುವ ದ್ರೋಹ ಎಂದು ಅವರು ಇಪ್ಪತ್ತು ನಿಮಿಷ ವಿವರಿಸಿದರು. ಆದರೆ ರಾತ್ರಿಯಿಡೀ ಯೋಚಿಸಿ ಮರುದಿನ ಅವರೇ ಒಂದು ಉಪಾಯ ತಂದರು. ಕಂಡದ್ದನ್ನು, ಕೇಳಿದ್ದನ್ನು ಬರೆಯಬೇಕು ತಾನೇ? ಕಾಣದಿದ್ದರೆ? ಕೇಳದಿದ್ದರೆ? ತರಗತಿಗೆ ಹೊರಡುವಾಗಲೇ ಕನ್ನಡಕ ತೆಗೆದು ಜೇಬಿಗಿಟ್ಟರು. ಎರಡೂ ಕಿವಿಗೆ ಹತ್ತಿ ತುರುಕಿದರು. ಸುಳ್ಳು ಬರೆಯಲು ಬಾರದ ಮನುಷ್ಯ ಸತ್ಯ ತನ್ನ ಹತ್ತಿರ ಬಾರದಂತೆ ಕಾವಲು ಹಾಕಿಕೊಂಡ ಎಂದು ಹೇಳಬಹುದು.

ಆ ಮೂರು ವಾರ ನಾವು ಪಟ್ಟ ಪಾಡು ಯಾರಿಗೂ ಬೇಡ. ಕನ್ನಡಕವಿಲ್ಲದ ಮೇಷ್ಟ್ರು ಮೊದಲ ದಿನವೇ ತಮ್ಮ ತರಗತಿಯೆಂದು ಪ್ರಯೋಗಶಾಲೆಗೆ ನುಗ್ಗಿ, ಅಲ್ಲಿ ನಿಲ್ಲಿಸಿದ್ದ ಅಸ್ಥಿಪಂಜರಕ್ಕೆ ನೆಟ್ಟಗೆ ನಿಂತದ್ದಕ್ಕಾಗಿ ಶಹಬ್ಬಾಸ್ ಹೇಳಿ ನಾಲ್ಕು ಷರತ್ತುಗಳನ್ನು ಮುಗಿಸಿದ್ದರು. ಕರಿಹಲಗೆ ಮುಗಿದದ್ದು ಗೊತ್ತಾಗದೆ ಗೋಡೆಯ ಮೇಲೆ ಬರೆದುಕೊಂಡು ಹೋಗಿ ಕಾಲುವೆಯನ್ನು ವರಾಂಡದವರೆಗೆ ಹರಿಸಿದರು. ಹತ್ತಿ ತೆಗೆಯಲು ಮರೆತು ಮನೆಗೆ ಹೋದ ದಿನ, ಎಷ್ಟು ಮಾತಾಡಿಸಿದರೂ ಉತ್ತರವಿಲ್ಲವೆಂದು ಹೆಂಡತಿ ಗಾಬರಿಯಾಗಿ ತಮ್ಮ ತಾಯಿಯನ್ನು ಕರೆಸಿಕೊಂಡರಂತೆ. ಅತ್ತೆ ಬಂದು ನೋಡಿ, ಅಳಿಯಂದಿರು ಮೊದಲ ಸಲ ತನ್ನ ಮಾತನ್ನು ಮಧ್ಯೆ ತಡೆಯದೆ ಕೇಳಿದರು, ಬಹಳ ಸುಧಾರಿಸಿದ್ದಾರೆ ಎಂದು ಹರಸಿ ಹೋದರಂತೆ. ಪ್ರತಿದಿನ ಮೂವತ್ತೊಂದನೆಯ ನಿಮಿಷಕ್ಕೆ ಗೋಡೆಯಾಚೆಯಿಂದ ಕರ್ಚೀಫಿನೊಳಗಿನ ಗುಂಯ್ ಸದ್ದು ನನಗೆ ಕೇಳಿಸುತ್ತಿತ್ತು. ಮೇಷ್ಟ್ರಿಗೆ ಕೇಳಿಸುತ್ತಿರಲಿಲ್ಲ. ನಾನು ಶಿಕ್ಷಕನಲ್ಲವಾದ್ದರಿಂದ ಬರೆಯುವ ಹೊಣೆ ನನ್ನದಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಕೂತೆ.

ಇನ್ನು ನಾಲ್ಕು ದಿನ ಉಳಿದಿದ್ದಾಗ ಶಿಕ್ಷಣಾಧಿಕಾರಿಗಳು ಹೇಳದೆ ಕೇಳದೆ ಬಂದಿಳಿದರು. ಕುಳ್ಳಗಿನ, ಸಂಭಾವಿತ ಮನುಷ್ಯ. ಊಟದ ನಂತರ ಯಾವುದಾದರೂ ಒಂದು ಪಾಠ ನೋಡಬೇಕು, ಶಿಕ್ಷಕರಿಗೆ ತಿಳಿಸಬೇಡಿ, ತಿಳಿಸಿದರೆ ನಾಟಕವಾಡುತ್ತಾರೆ ಎಂದರು. ಎಂಟನೆಯ ‘ಬಿ’ಗೆ ತಾವೇ ಹೊಕ್ಕು ಕೊನೆಯ ಬೆಂಚಿನಲ್ಲಿ ಕೂತರು. ಅವರು ತೊಟ್ಟಿದ್ದದ್ದು ತಿಳಿನೀಲಿ ಅಂಗಿ. ನಮ್ಮ ಶಾಲೆಯ ಸಮವಸ್ತ್ರವೂ ತಿಳಿನೀಲಿ. ನಾನು ಓಡಿಹೋಗಿ ಮೇಷ್ಟ್ರಿಗೆ ಬಾಗಿಲಿನಿಂದ ಸನ್ನೆ ಮಾಡಿದೆ. ಅವರು ನನ್ನ ದಿಕ್ಕಿಗೆ ನೋಡಿ, ತಡವಾಗಿ ಬಂದಿದ್ದೀಯ, ಒಳಗೆ ಬಾ ಎಂದರು. ನಾನು ನನ್ನ ಕೋಣೆಗೆ ವಾಪಸು ಬಂದು ಗೋಡೆಗೆ ಕಿವಿಯಿಟ್ಟೆ.

ಆರನೆಯ ಷರತ್ತು ನಡೆಯುತ್ತಿದ್ದಾಗ ಗೋಡೆಯಾಚೆಯಿಂದ ಒಂದು ಗೊರಕೆ ಬಂತು. ಮಕ್ಕಳ ಗೊರಕೆಯಲ್ಲ, ಸರ್ಕಾರಿ ಸೇವೆಯಲ್ಲಿ ಪಳಗಿದ ಗೊರಕೆ. ಕೂಡಲೇ ಅದರ ಮೇಲೆಯೇ ಗುಂಯ್ ಎಂದು ದುಂಬಿಯ ಸದ್ದು ಎದ್ದಿತು. ಗೊರಕೆ ಏರಿದರೆ ಗುಂಯ್ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಎರಡೂ ಒಟ್ಟಿಗೆ ತಾರಕಕ್ಕೆ ಹೋದಾಗ ಮೇಷ್ಟ್ರ ದನಿ ನಿಂತಿತು. ಆಮೇಲೆ ತಿಳಿದದ್ದೇನೆಂದರೆ, ತಲೆ ಬಾಗಿಸಿದಾಗ ಅವರ ಬಲಗಿವಿಯ ಹತ್ತಿ ಉದುರಿಹೋಗಿತ್ತು. ಕೊನೆಯ ಬೆಂಚಿನತ್ತ ಹೆಜ್ಜೆಯ ಸಪ್ಪಳ ಕೇಳಿಸಿತು. ‘ಏಳೋ. ನೆಟ್ಟಗೆ ನಿಂತ್ಕೋ. ನಾಳೆ ನಿಮ್ಮಮ್ಮನ್ನ ಕರ್ಕೊಂಡು ಬಾ’ ಎಂದರು ಮೇಷ್ಟ್ರು. ಬೆಂಚು ಕಿರುಗುಟ್ಟಿತು. ನಂತರ ನಿದ್ದೆಗಣ್ಣಿನ ಒಂದು ದಪ್ಪ ದನಿ ‘ಸಾರಿ ಸಾರ್’ ಎಂದಿತು. ಮೇಷ್ಟ್ರು ಆರನೆಯ ಷರತ್ತನ್ನು ಮತ್ತೆ ಮೊದಲಿನಿಂದ ಶುರುಮಾಡಿ ಗಂಟೆ ಹೊಡೆಯುವವರೆಗೆ ಅದನ್ನೇ ವಿವರಿಸಿದರು. 

ಅಧಿಕಾರಿಗಳು ಹೊರಬಂದು, ಪಾಠ ಚೆನ್ನಾಗಿತ್ತು, ಗಂಭೀರವಾಗಿತ್ತು ಎಂದಷ್ಟೇ ಮೇಡಂಗೆ ಹೇಳಿ ಅತಿಥಿ ಕೋಣೆಗೆ ಹೋದರು. ಮೇಷ್ಟ್ರು ಶಿಕ್ಷಕರ ಕೋಣೆಯಲ್ಲಿ ಸಂಜೆಯವರೆಗೆ ಬರೆದರು. ಬರೆಯಬೇಡಿ ಎಂದು ನಾನು ಕೈಮುಗಿದೆ. ಕೇಳಿದ್ದನ್ನು ಕೇಳಲಿಲ್ಲ ಎನ್ನಲು ನನಗೆ ಬರುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಎರಡು ನಮೂನೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಂದು ದುಂಬಿಯದು, ಹತ್ತನೆಯದು. ಇನ್ನೊಂದು ಯಾರೋ ಹೊಸ ಹುಡುಗನದಂತೆ. ಮನಸ್ಸು ಕೆಟ್ಟುಹೋಗಿದ್ದರಿಂದ ನಾನು ಓದದೆಯೇ ಎರಡಕ್ಕೂ ಸೀಲು ಒತ್ತಿದೆ. ಆ ಹೊಸ ಹುಡುಗ ಯಾರೆಂದು ನನಗೆ ಹೊಳೆಯುವ ಹೊತ್ತಿಗೆ ಸೀಲಿನ ಶಾಯಿ ಒಣಗಿತ್ತು. ಮೇಡಂಗೆ ವಿಷಯ ತಿಳಿದಾಗ, ಹೇಗೂ ಅಧಿಕಾರಿಗಳು ಇಲ್ಲೇ ಇದ್ದಾರೆ, ಸಮಿತಿಯನ್ನು ನಾಳೆ ಬೆಳಿಗ್ಗೆಯೇ ಸೇರಿಸೋಣ ಎಂದರು. ನಾನು ಆ ಎರಡನೆಯ ನಮೂನೆಯನ್ನು ಫೈಲಿನ ತಳಕ್ಕೆ, ಎಲ್ಲಕ್ಕಿಂತ ಕೆಳಗೆ ಸೇರಿಸಿದೆ. ಬಚ್ಚಿಟ್ಟಂತಾಗಲಿಲ್ಲ, ಸ್ವಲ್ಪ ಆಳದಲ್ಲಿ ಇಟ್ಟಂತಾಯಿತು.

ಬೆಳಿಗ್ಗೆ ಮೇಡಂ ಕೋಣೆಯಲ್ಲಿ ಸಮಿತಿ ಸೇರಿತು. ಅಧಿಕಾರಿಗಳು ಮಧ್ಯದ ಕುರ್ಚಿಯಲ್ಲಿ, ಮೇಡಂ ಪಕ್ಕದಲ್ಲಿ. ಎದುರಿಗೆ ಟೈಲರ್, ಅವಳಿಗೆ ಒತ್ತಿಕೊಂಡು ದುಂಬಿ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ನಿಂತಿದ್ದರು. ಅಧಿಕಾರಿಗಳನ್ನು ಅವರು ಆಗಷ್ಟೇ ಮೊದಲ ಸಲ ನೋಡುತ್ತಿದ್ದದ್ದು. ಇವರನ್ನು ಎಲ್ಲೋ ಕೇಳಿದ ಹಾಗಿದೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.  ಅಧಿಕಾರಿಗಳು ಫೈಲನ್ನು ತಮ್ಮ ಕಡೆಗೆಳೆದುಕೊಂಡು, ಫೈಲೆಂದರೆ ತಳದಿಂದ ಓದಬೇಕು, ಎಲ್ಲರೂ ಮುಖ್ಯವಾದದ್ದನ್ನು ಅಲ್ಲೇ ಹಾಕಿರುತ್ತಾರೆ ಎಂದು ನಕ್ಕು, ಇಡೀ ಕಟ್ಟನ್ನು ಮಗುಚಿಹಾಕಿದರು.

‘ವಿದ್ಯಾರ್ಥಿಯ ಹೆಸರು: ತಿಳಿದಿಲ್ಲ’ ಎಂದು ಗಟ್ಟಿಯಾಗಿ ಓದತೊಡಗಿದರು. ‘ಗುರುತು: ನೀಲಿ ಅಂಗಿ. ವಯಸ್ಸಿಗೆ ಮೀರಿದ ಅಗಲ. ತಲೆ ಹೊಳೆಯುತ್ತಿತ್ತು. ಎಣ್ಣೆ ಜಾಸ್ತಿಯಾಗಿರಬಹುದು ಎಂಬುದು ಅಭಿಪ್ರಾಯವಾದ್ದರಿಂದ ಹೊಡೆದುಹಾಕಿದ್ದೇನೆ. ಮೊದಲು: ಶಿಕ್ಷಕರು ಆರನೆಯ ಷರತ್ತನ್ನು ವಿವರಿಸುತ್ತಿದ್ದರು, ಇಪ್ಪತ್ತೆರಡನೆಯ ನಿಮಿಷ. ಮಾಡಿದ್ದು: ಗೊರಕೆ.’ ಅವರ ದನಿ ಇಳಿಯುತ್ತ ಹೋಗಿ ಕೊನೆಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಿವಿಗಳು ಕೆಂಪಾಗಿದ್ದವು. ಮೇಡಂ ಏನೂ ತಿಳಿಯದೆ, ಈ ಹುಡುಗ ಯಾರು, ಹಾಜರಿಯಲ್ಲಿ ಇಲ್ಲವಲ್ಲ, ತಕ್ಷಣ ಕರೆಸಿ ಎಂದು ನನಗೆ ಹೇಳಿದರು. ನಾನು ಕದಲಲಿಲ್ಲ. ಕರೆಸುವ ಕಷ್ಟ ನನಗೇನೂ ಇರಲಿಲ್ಲ.

‘ಇಪ್ಪತ್ತೆರಡನೇ ನಿಮಿಷ ಅಂತ ಬರೆದಿದ್ದೀರಿ. ಸರಿಯಾಗಿ ನೋಡಿದ್ರಾ?’ ಎಂದು ಅಧಿಕಾರಿಗಳು ಮೇಷ್ಟ್ರನ್ನು ಕೇಳಿದರು.

ಆ ದಪ್ಪ ದನಿ ಆಗ ಮೇಷ್ಟ್ರಿಗೆ ಗುರುತು ಸಿಕ್ಕಿತು. ಅವರು ಕಿಟಕಿಯ ಸರಳು ಹಿಡಿದುಕೊಂಡರು. ಆದರೂ ಸುಳ್ಳು ಬರಲಿಲ್ಲ. ‘ನೋಡಲಿಲ್ಲ ಸಾರ್, ಕನ್ನಡಕ ಹಾಕಿರಲಿಲ್ಲ. ಆರನೇ ಷರತ್ತು ಇಪ್ಪತ್ತೊಂದು ವರ್ಷದಿಂದ ಇಪ್ಪತ್ತೆರಡನೇ ನಿಮಿಷಕ್ಕೇ ಬರೋದು’ ಎಂದರು.

ಅಧಿಕಾರಿಗಳು ಮುಂದಿನ ಹಾಳೆ ತೆಗೆದರು. ಅದು ದುಂಬಿಯ ಒಂದನೆಯ ನಮೂನೆ. ಮೂವತ್ತೊಂದು ನಿಮಿಷ ಎಂಬುದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಎರಡನೆಯದು, ಅಲ್ಲೂ ಮೂವತ್ತೊಂದು. ಮೂರನೆಯದು, ನಾಲ್ಕನೆಯದು. ಒಂಬತ್ತರಲ್ಲೂ ಗೆರೆ ಬಿತ್ತು. ಹತ್ತನೆಯದನ್ನು ಅವರು ತಲೆಯೆತ್ತದೆ ಬಹಳ ಹೊತ್ತು ಓದಿದರು. ಅದರಲ್ಲಿ ಮೇಷ್ಟ್ರು ತಮ್ಮ ಪದ್ಧತಿಯಂತೆ ಒಂದನ್ನೂ ಬಿಡದೆ ಬರೆದಿದ್ದರು. ಮೊದಲು ಗೊರಕೆ ಬಂತು, ಮೂರು ಉಸಿರಿನ ನಂತರ ಗುಂಯ್ ಬಂತು, ಗೊರಕೆ ಏರಿದಾಗ ಗುಂಯ್ ಏರಿತು, ಇಳಿದಾಗ ಇಳಿಯಿತು, ಗೊರಕೆ ನಿಂತ ಕೂಡಲೇ ತಾನೂ ನಿಂತಿತು. ಅಧಿಕಾರಿಗಳು ದುಂಬಿಯನ್ನು ಹತ್ತಿರ ಕರೆದು, ಯಾಕಮ್ಮ ಹಾಗೆ ಮಾಡಿದೆ ಎಂದು ಕೇಳಿದರು.

ಅವಳು ಅಮ್ಮನ ಸೆರಗು ಬಿಡಲಿಲ್ಲ. ‘ನೀವು ದೊಡ್ಡೋರು, ನಿದ್ದೆ ಮಾಡಿದ್ದು ಎಲ್ಲರಿಗೂ ಗೊತ್ತಾದ್ರೆ ನಿಮಗೆ ಬೇಜಾರಾಗುತ್ತೆ ಅಂತ ಮುಚ್ಚಿದೆ ಸಾರ್’ ಎಂದಳು.

ಮೇಡಂ ಕೈಯಿಂದ ಪೆನ್ನು ಬಿತ್ತು.  ನನ್ನ ಇಪ್ಪತ್ತೊಂದು ವರ್ಷದ ಸೇವೆ ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಮನೆಯಲ್ಲಿ ಏನು ಹೇಳುವುದೆಂದು ಜೋಡಿಸಿಕೊಳ್ಳುತ್ತಿದ್ದೆ. ಅಧಿಕಾರಿಗಳು ಮೊದಲು ಕೆಮ್ಮಿದರು. ಆಮೇಲೆ ಹೆಗಲು ಕುಣಿಯಿತು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು ಮೇಡಂ ಕಡೆ ತಿರುಗಿದರು.

‘ಈ ಮಗು ಮೂವತ್ತೊಂದು ನಿಮಿಷ ತಡ್ಕೊಂಡಿದೆ ಮೇಡಂ, ಅದೂ ಒಂಬತ್ತು ಸಲ. ಹತ್ತನೇ ಸಲ ನನ್ನ ಮಾನ ಕಾಪಾಡೋಕೆ ಹೋಗಿ ಸಿಕ್ಕಿಬಿದ್ದಿದೆ. ನಾನು ಇಪ್ಪತ್ತೆರಡಕ್ಕೇ ಬಿದ್ದುಹೋದೆ. ಬೇರೆ ಶಾಲೆಗೆ ಕಳಿಸೋದಿದ್ರೆ ಮೊದಲು ನನ್ನನ್ನ ಕಳಿಸಬೇಕು’ ಎಂದರು. ಮೇಷ್ಟ್ರ ಕಡೆಗೂ ತಿರುಗಿ, ‘ಮತ್ತೆ ನಮ್ಮಮ್ಮ ಬರೋ ಹಾಗಿಲ್ಲ ಸಾರ್, ಮಂಡಿನೋವು’ ಎಂದರು.

ಟೈಲರ್ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇದ್ದವು ಎಂದು ನನ್ನ ಅಭಿಪ್ರಾಯ. ಅಧಿಕಾರಿಗಳು ಹತ್ತನೆಯ ನಮೂನೆಯ ಅಂಚಿನಲ್ಲಿ ಆದೇಶ ಬರೆದು ಸಹಿ ಹಾಕಿ, ಸೀಲು ಒತ್ತಲು ನನಗೆ ಕೊಟ್ಟರು. ವಿದ್ಯಾರ್ಥಿನಿ ಇದೇ ಶಾಲೆಯಲ್ಲಿ ಮುಂದುವರಿಯತಕ್ಕದ್ದು. ಇತಿಹಾಸದ ಪಾಠ ಒಂದು ಸಲಕ್ಕೆ ಹದಿನೈದು ನಿಮಿಷ ಮೀರತಕ್ಕದ್ದಲ್ಲ. ಹದಿನೈದು ಆದ ಕೂಡಲೇ ಸದರಿ ವಿದ್ಯಾರ್ಥಿನಿ ಕೈ ಎತ್ತತಕ್ಕದ್ದು, ಶಿಕ್ಷಕರು ಇದ್ದಲ್ಲಿಗೇ ನಿಲ್ಲಿಸತಕ್ಕದ್ದು. ನಾನು ಒತ್ತಿದ ಸೀಲುಗಳಲ್ಲಿ ಅಷ್ಟು ಸಂತೋಷದಿಂದ ಒತ್ತಿದ್ದು ಬೇರೊಂದಿಲ್ಲ.

ದುಂಬಿ ಉಳಿದಳೆಂದು ಮೇಷ್ಟ್ರಿಗೂ ಕುಣಿದಾಡುವಷ್ಟು ಖುಷಿಯಾಗಿತ್ತು. ಆದರೆ ಹದಿನೈದು ನಿಮಿಷ ಎಂಬುದು ನೆನಪಾದಾಗ ಮುಖ ಬಾಡಿತು. ಹದಿನೈದು ನಿಮಿಷದಲ್ಲಿ ನಾನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದೂ ಮುಗಿಯುವುದಿಲ್ಲ, ಇದಕ್ಕಿಂತ ನನ್ನನ್ನೇ ವರ್ಗಾಯಿಸಬಹುದಿತ್ತು ಎಂದು ಹಲುಬಿದರು. ಹೊಸ ಅವಧಿಯ ಮೊದಲ ದಿನ ಹೆಂಡತಿ ಅವರಿಗೆ ಧೈರ್ಯ ಹೇಳಲು ಶಾಲೆಯ ಗೇಟಿನವರೆಗೆ ಬಂದಿದ್ದರು. ಮುನಿಸು ಬಿಟ್ಟ ಭಾಮೈದ ಈ ಸಂಭ್ರಮ ನೋಡಲೆಂದೇ ಜೊತೆಗೆ ಬಂದಿದ್ದ.

ಆ ದಿನ ನಾನು ಸುತ್ತೋಲೆಯೊಂದನ್ನು ಹಿಡಿದುಕೊಂಡು ಎಂಟನೆಯ ‘ಬಿ’ಯ ಬಾಗಿಲಿಗೆ ಹೋದೆ. ಹದಿನೈದೇ ನಿಮಿಷ ಎಂದಮೇಲೆ ಪೀಠಿಕೆಗೆ, ವಂಶಾವಳಿಗೆ, ಷರತ್ತುಗಳಿಗೆ ಪುರುಸೊತ್ತೆಲ್ಲಿ? ಮೇಷ್ಟ್ರು ನೇರವಾಗಿ ಕಾಲುವೆಯ ಏರಿ ಒಡೆದ ಬೆಳಗಿಗೇ ಧುಮುಕಿದ್ದರು. ನೀರು ಎರಡೂ ರಾಜ್ಯಗಳ ಹೊಲಗಳಿಗೆ ನುಗ್ಗಿತ್ತು. ಹಿಂದಿನ ದಿನದವರೆಗೆ ಕತ್ತಿ ಮಸೆಯುತ್ತಿದ್ದ ಸೈನಿಕರು ಈಗ ಎರಡೂ ದಡಗಳಿಂದ ಮಣ್ಣಿನ ಬುಟ್ಟಿ ಹೊತ್ತು ಓಡಿಬರುತ್ತಿದ್ದರು. ಮೇಷ್ಟ್ರ ಕೈಯಲ್ಲಿದ್ದ ಡಸ್ಟರೇ ಬುಟ್ಟಿಯಾಗಿತ್ತು, ಮೇಜೇ ಏರಿಯಾಗಿತ್ತು. ನಲವತ್ತೆರಡು ಮಕ್ಕಳಲ್ಲಿ ಒಬ್ಬರ ಕಣ್ಣಲ್ಲೂ ನಿದ್ದೆ ಇರಲಿಲ್ಲ. ನಾನೂ ಸುತ್ತೋಲೆಯನ್ನು ಮರೆತು ಅಲ್ಲೇ ನಿಂತುಬಿಟ್ಟೆ.

ಗೋಡೆಯ ಗಡಿಯಾರ ನೋಡಿದಾಗ ಇಪ್ಪತ್ತೇಳು ನಿಮಿಷವಾಗಿತ್ತು. ಗಾಬರಿಯಾಗಿ ಕಿಟಕಿಯ ಕಡೆಗೆ ನೋಡಿದೆ. ದುಂಬಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು, ಅವುಗಳ ಮೇಲೆ ಗಟ್ಟಿಯಾಗಿ ಕೂತಿದ್ದಳು.